ಹೆಸರು ಕೊಂಡವರಿಗೆ ಅದರ ಋಣವೂ ಬರುತ್ತೆ

ಹಳೇ ಕಂಪನಿ ಮಾರಾಟವಾದಾಗಲೆಲ್ಲ ಎಷ್ಟು ಕೋಟಿಗೆ ಹೋಯ್ತು ಅನ್ನೋದೇ ದೊಡ್ಡ ಸುದ್ದಿ. ಆದರೆ ಕೊಂಡವರು ಅಷ್ಟು ದುಡ್ಡು ಸುರಿಯುವುದು ಮುಖ್ಯವಾಗಿ ಹೆಸರಿಗೆ. ಆ ಹೆಸರನ್ನು ಬೆಳೆಸಿದವರು ಯಾರು? ಅಲ್ಲಿ ದುಡಿದವರು, ಅಂಗಡಿಗೆ ಹೋಗಿ ಅದನ್ನೇ ಕೇಳಿ ತಂದ ನಮ್ಮ ಅಪ್ಪ ಅಮ್ಮಂದಿರು. ಮಾರಾಟದ ಹೊತ್ತಿಗೆ ಇವರನ್ನು ಕೇಳುವವರೇ ಇಲ್ಲ.

1993ರಲ್ಲಿ ಪಾರ್ಲೆಯ ರಮೇಶ್ ಚೌಹಾಣ್ ತಮ್ಮ ತಂಪು ಪಾನೀಯಗಳಾದ ಥಮ್ಸ್ ಅಪ್, ಲಿಮ್ಕಾ, ಗೋಲ್ಡ್ ಸ್ಪಾಟ್ ಎಲ್ಲವನ್ನೂ ಕೋಕಾ-ಕೋಲಾಗೆ ಮಾರಿದರು. ಥಮ್ಸ್ ಅಪ್ ಗಟ್ಟಿಯಾಗಿ ನಿಂತಿತು. ಗೋಲ್ಡ್ ಸ್ಪಾಟ್ ಮಾಯವಾಯ್ತು, ಅದರ ಜಾಗಕ್ಕೆ ಫ್ಯಾಂಟಾ ಬಂತು.

ಎಂಟಿಆರ್ ವಿಷಯ ಬೇರೆ. 1924ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಹೋಟೆಲು ಇವತ್ತಿಗೂ ಮಯ್ಯ ಮನೆತನದ ಕೈಯಲ್ಲೇ ಇದೆ. ಪ್ಯಾಕೆಟ್ ಆಹಾರದ ಕಂಪನಿಯನ್ನು ಮಾತ್ರ 2007ರಲ್ಲಿ ನಾರ್ವೆಯ ಓರ್ಕ್ಲಾ ಕೊಂಡಿತು. ಕೊಂಡವರು ಹೆಸರನ್ನು ಮೂಲೆಗೆ ಹಾಕಲಿಲ್ಲ, ಪುಳಿಯೋಗರೆ ಪುಡಿ, ರವೆ ಇಡ್ಲಿ ಮಿಕ್ಸ್ ಅದೇ ಹೆಸರಲ್ಲಿ ಸಿಗ್ತಿವೆ. ಅದು ಮೆಚ್ಚಬೇಕಾದ ಮಾತು. ಆದರೂ ಹೋಟೆಲಿನವರು ಬೇರೆ, ಪ್ಯಾಕೆಟ್ಟಿನವರು ಬೇರೆ ಅಂತ ನಮ್ಮ ಕಡೆ ಎಷ್ಟು ಜನರಿಗೆ ಗೊತ್ತು?

ಮೊನ್ನೆ ತೀರ್ಥಹಳ್ಳಿಯ ದಿನಸಿ ಅಂಗಡಿಯೊಂದರಲ್ಲಿ ಇನ್ಯಾವುದೋ ಹಳೇ ಹೆಸರಿನ ಪ್ಯಾಕೆಟ್ ತಿರುಗಿಸಿ ನೋಡಿದೆ. ತಯಾರಿಸಿದವರ ಹೆಸರು, ವಿಳಾಸ ಹಾಕಲೇಬೇಕು ಅಂತ ಕಾನೂನಿದೆ. ಹಾಕಿದ್ದಾರೆ. ಹಿಂದುಗಡೆ, ಅಂಟಿಸಿದ ಮಡಿಕೆಯ ಹತ್ತಿರ, ಸಾಸಿವೆ ಕಾಳಿಗಿಂತ ಸಣ್ಣ ಅಕ್ಷರದಲ್ಲಿ, ಬರೀ ಇಂಗ್ಲಿಷಿನಲ್ಲಿ. ಅಂಗಡಿಯವರನ್ನು ಕೇಳಿದರೆ, "ಅಪ್ಪನ ಕಾಲದಿಂದ ಇದನ್ನೇ ತರಿಸ್ತಿದೀವಿ ಮಾರಾಯ್ರೆ, ಈಗ ಯಾರ್ದು ಅಂತ ನೋಡೇ ಇಲ್ಲ" ಅಂದರು. ಅಪ್ಪನ ಕಾಲದ ಆ ನಂಬಿಕೆಯನ್ನೇ ಅಲ್ವಾ ಅವರು ಕೊಂಡಿದ್ದು?

ನನಗೆ ನಿಜಕ್ಕೂ ಹೊಟ್ಟೆ ಉರಿಯುವುದು ಭದ್ರಾವತಿಯ ವಿಷಯಕ್ಕೆ. ಕೆಮ್ಮಣ್ಣುಗುಂಡಿಯ ಅದಿರು, ನಮ್ಮ ಮಲೆನಾಡಿನ ಕಾಡು ಸುಟ್ಟ ಇದ್ದಿಲು, ಇವನ್ನು ನಂಬಿ 1923ರಲ್ಲಿ ಶುರುವಾದ ಕಬ್ಬಿಣದ ಕಾರ್ಖಾನೆ ಅದು. ವಿಶ್ವೇಶ್ವರಯ್ಯನವರೇ ಮುಂದೆ ನಿಂತು ದಡ ಹತ್ತಿಸಿದ್ದು. ಮುಂದೆ ಅವರ ಹೆಸರನ್ನೇ ಇಟ್ಟರು. 1989ರಲ್ಲಿ ಸೈಲ್ (ಭಾರತೀಯ ಉಕ್ಕು ಪ್ರಾಧಿಕಾರ) ಅದನ್ನು ವಹಿಸಿಕೊಂಡಿತು, 1998ರಲ್ಲಿ ಪೂರ್ತಿ ತನ್ನೊಳಗೆ ಸೇರಿಸಿಕೊಂಡಿತು. ವಹಿಸಿಕೊಂಡಿದ್ದು ಕೇಂದ್ರ ಸರ್ಕಾರದ್ದೇ ಕಂಪನಿ, ಖಾಸಗಿಯವರನ್ನು ಬೈದು ಸುಮ್ಮನಾಗುವ ಹಾಗೂ ಇಲ್ಲ. ಸ್ವಂತ ಗಣಿ ಇಲ್ಲದೆ, ಬೇಕಾದಷ್ಟು ಬಂಡವಾಳ ಬಾರದೆ ಕಾರ್ಖಾನೆ ಸೊರಗಿತು. ನೂರು ವರ್ಷ ತುಂಬುವ ಹೊತ್ತಿಗೆ, 2023ರ ಜನವರಿಯಲ್ಲಿ, ಮುಚ್ಚುವ ತೀರ್ಮಾನ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ತಿಂಗಳುಗಟ್ಟಲೆ ಧರಣಿ ಕೂತರು. ಆಗಸ್ಟಿನಲ್ಲಿ ಬಾರ್ ಮಿಲ್, ಅಂದರೆ ಉಕ್ಕಿನ ಸರಳು ಮಾಡುವ ಘಟಕ, ಮತ್ತೆ ಓಡಿತು. ನೂರು ವರ್ಷದ ಕಾರ್ಖಾನೆಗೆ ಅಷ್ಟು ಸಾಕಾ? ಹೆಸರು ಉಳಿಸಿಕೊಂಡಿದ್ದೇವಲ್ಲ ಅಂತ ಯಾರಾದರೂ ಹೇಳಿದರೆ ನಾನಂತೂ ಒಪ್ಪಲ್ಲ. ಕುಲುಮೆ ತಣ್ಣಗಾದ ಮೇಲೆ ಊರಿನ ಹುಡುಗರು ಕೆಲಸ ಹುಡುಕಿಕೊಂಡು ಬೆಂಗಳೂರಿನ ಬಸ್ಸು ಹತ್ತುತ್ತಿದ್ದಾರೆ.

ಕಂಪನಿ ಮಾರಲೇಬಾರದು ಅಂತ ನಾನು ಹೇಳ್ತಿಲ್ಲ. ಮಕ್ಕಳಿಗೆ ಆಸಕ್ತಿ ಇರಲ್ಲ, ಸಾಲ ಇರುತ್ತೆ, ಮಾರುತ್ತಾರೆ. ಆದರೆ ಯಾವ ವರ್ಷ ಯಾರ ಕೈಗೆ ಹೋಯ್ತು ಅನ್ನೋದನ್ನು ಪ್ಯಾಕೆಟ್ಟಿನ ಮುಂದುಗಡೆ, ಕನ್ನಡದಲ್ಲಿ, ಕಾಣುವ ಹಾಗೆ ಬರೆಯಬೇಕು. ತೂಕ ಇಳಿಸಿದರೆ, ಒಳಗಿನ ಸಾಮಾನು ಬದಲಿಸಿದರೆ ಅದನ್ನೂ ಬರೆಯಬೇಕು. ಭದ್ರಾವತಿಗೆ ಗಣಿ ಕೊಡಿ, ಬಂಡವಾಳ ಹಾಕಿ. ಜಿಲ್ಲೆಯವರು ಪಕ್ಷ ಬಿಟ್ಟು ಇದನ್ನು ಕೇಳಬೇಕು, ಮುಂದಿನ ಚುನಾವಣೆಯವರೆಗೆ ಕಾಯದೆ ಈಗಲೇ ಕೇಳಬೇಕು.