ಪೆನ್ಸಿಲ್ ಹಿಡಿದು ಓದುವವರು

ಕೊಟ್ಟ ಪುಸ್ತಕ ವಾಪಸ್ ಬಂದರೇ ಪುಣ್ಯ, ನಿಜ. ಆದರೆ ಭಾವ ತಂದುಕೊಟ್ಟ ನನ್ನ ‘ದಿ ಮಾರ್ಷಿಯನ್’ ತುಂಬಾ ಪೆನ್ಸಿಲ್ ಗೀಚು! ಮಂಗಳ ಗ್ರಹದಲ್ಲಿ ಒಬ್ಬನೇ ಸಿಕ್ಕಿಬಿದ್ದ ಗಗನಯಾತ್ರಿ ಆಲೂಗಡ್ಡೆ ಬೆಳೆದು ಬದುಕುವ ಕಾದಂಬರಿ ಅದು. ಶುರುವಿನ ಬಿರುಗಾಳಿಯ ಪಕ್ಕದಲ್ಲೇ ‘ಸಾಧ್ಯವಿಲ್ಲ’ ಅಂತ ಬರೆದು ಎರಡು ಗೆರೆ ಎಳೆದಿದ್ದಾರೆ. ಮಂಗಳನಲ್ಲಿ ಗಾಳಿಯ ಒತ್ತಡ ನಮ್ಮದರ ನೂರನೇ ಒಂದು ಪಾಲೂ ಇಲ್ಲ, ಗಂಟೆಗೆ 175 ಕಿ.ಮೀ. ಬೀಸಿದರೂ ಮನುಷ್ಯನನ್ನು ಬೀಳಿಸಲಾರದು. ಬರೆದ ಆಂಡಿ ವಿಯರ್ ಅವರೇ ಅದನ್ನು ಒಪ್ಪಿಕೊಂಡಿದ್ದಾರೆ ಅಂದೆ. ‘ಹಾಗಾದ್ರೆ ಮಿಕ್ಕಿದ್ದೂ ಬುರುಡೆ’ ಅಂದರು ಭಾವ.

ಅಕ್ಕನದು ಬೇರೆ ತಕರಾರು. ಲೆಕ್ಕ ಬಂದಲ್ಲೆಲ್ಲ ಪುಟ ಹಾರಿಸಿದಳಂತೆ. ‘ಸೈನ್ಸ್ ಜಾಸ್ತಿ ಆಯ್ತು ಕಣೋ’ ಅಂದಳು. ಉಪ್ಪಿನಕಾಯಿ ತಿಂದು ಉಪ್ಪು ಜಾಸ್ತಿ ಅಂದ ಹಾಗೆ! ಆಮೇಲೆ ಕೇಳಿದಳು, ‘ಅಷ್ಟು ದಿನ ಬರೀ ಆಲೂಗಡ್ಡೆ ತಿಂದು ಆ ಹುಡುಗನಿಗೆ ವಾಯು ಆಗಲಿಲ್ವಾ?’ ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಇದ್ದಿದ್ದರಲ್ಲಿ ಭಾವ ವಾಸಿ. ಅಮೆರಿಕದ ವಿಜ್ಞಾನ ಕಾದಂಬರಿಕಾರ ಲ್ಯಾರಿ ನಿವನ್ ಪಾಡು ನೋಡಿ. 1970ರಲ್ಲಿ ಅವರು ‘ರಿಂಗ್‌ವರ್ಲ್ಡ್’ ಬರೆದರು. ನಕ್ಷತ್ರಕ್ಕೆ ಬಳೆ ತೊಡಿಸಿದಂಥ ಲೋಕ, ಬಳೆಯ ಅಗಲವೇ ಸುಮಾರು 16 ಲಕ್ಷ ಕಿ.ಮೀ. ಮೊದಲ ಮುದ್ರಣದಲ್ಲಿ ಎಡವಟ್ಟಾಯಿತು: ಹುಟ್ಟುಹಬ್ಬ ಬೇಗ ಮುಗಿಯದಿರಲಿ ಅಂತ ನಾಯಕ ಭೂಮಿಯಲ್ಲಿ ಊರಿಂದೂರಿಗೆ ಪೂರ್ವಕ್ಕೆ ಹಾರುತ್ತಾನೆ, ಹಾರಬೇಕಾದದ್ದು ಸೂರ್ಯ ಹೋಗುವ ಕಡೆಗೆ, ಪಶ್ಚಿಮಕ್ಕೆ. ಈಗ ಹಳೇ ಪುಸ್ತಕ ಕೂಡಿಡುವವರು ಆ ತಪ್ಪಿರುವ ಪ್ರತಿಯನ್ನೇ ಹುಡುಕುತ್ತಾರೆ! ಅಲ್ಲಿಗೂ ಮುಗಿಯಲಿಲ್ಲ. 1971ರಲ್ಲಿ ಬಾಸ್ಟನ್‌ನಲ್ಲಿ ವಿಜ್ಞಾನ ಕಾದಂಬರಿಪ್ರಿಯರ ಸಮ್ಮೇಳನ ನಡೆದಾಗ ಅಲ್ಲಿನ ಹೆಸರಾಂತ ತಾಂತ್ರಿಕ ವಿದ್ಯಾಸಂಸ್ಥೆ ಎಂಐಟಿಯ ಹುಡುಗರು ಹೋಟೆಲ್ ಕಾರಿಡಾರಿನಲ್ಲಿ ‘ರಿಂಗ್‌ವರ್ಲ್ಡ್ ನಿಲ್ಲಲ್ಲ’ ಅಂತ ಘೋಷಣೆ ಕೂಗುತ್ತಾ ಓಡಾಡಿದರು. ಮುಷ್ಕರ ಹೂಡಿದವರ ಹಾಗೆ! ಅವರು ಹೇಳಿದ್ದೂ ಸರಿಯೇ. ಅಂಥ ಬಳೆ ಒಂಚೂರು ಪಕ್ಕಕ್ಕೆ ಸರಿದರೂ ವಾಪಸ್ ನಡುವಿಗೆ ಎಳೆಯುವ ಬಲವೇ ಇಲ್ಲ, ಸರಿದು ಸರಿದು ಕೊನೆಗೆ ನಕ್ಷತ್ರಕ್ಕೇ ಬಡಿಯುತ್ತದೆ. ನಿವನ್ ಏನು ಮಾಡಿದರು? ಬಳೆಯ ಅಂಚಿಗೆ ಅದನ್ನು ನೆಟ್ಟಗಿಡುವ ಎಂಜಿನ್‌ಗಳನ್ನು ಕೂರಿಸಿ ಇನ್ನೊಂದು ಇಡೀ ಕಾದಂಬರಿ ಬರೆದರು. ನಮ್ಮಲ್ಲಾಗಿದ್ದರೆ ಎರಡನೇ ಮುದ್ರಣದ ಮುನ್ನುಡಿಯಲ್ಲಿ ಓದುಗರಿಗೇ ನಾಲ್ಕು ಪುಟ ಬೈಗುಳ ಇರುತ್ತಿತ್ತು.

ಹೀಗೆ ಓದುವವರು ಇದ್ದರೇ ಒಳ್ಳೆಯದು ಅಂತ ಬರೆಯಲು ಹೊರಟಿದ್ದೆ. ಆದರೆ ಅವರು ಪುಸ್ತಕ ಕೊಂಡು ಓದಬೇಕಪ್ಪ.

ನಿನ್ನೆ ರಾತ್ರಿ ರಬ್ಬರ್ ಹಿಡಿದು ಅಳಿಸಲು ಕೂತೆ. ಆಲೂಗಡ್ಡೆ ಪುಟದ ಅಂಚಿನಲ್ಲಿ ಭಾವ ಉದ್ದದ ಗುಣಾಕಾರ ಮಾಡಿದ್ದರು. ದಶಕ ತಪ್ಪಿತ್ತು. ಅದನ್ನು ಮಾತ್ರ ಅಳಿಸಲಿಲ್ಲ. ಕೆಂಪು ಪೆನ್ನು ಹುಡುಕಿ ಸುತ್ತು ಹಾಕಿದ್ದೇನೆ.