ಹನ್ನೆರಡು ವೋಲ್ಟಿನ ಸಂಸಾರ

ಲೋಡ್ ಶೆಡ್ಡಿಂಗ್ ಟೈಮ್‌ಟೇಬಲ್ ನೋಡಿಕೊಂಡೇ ಎಸ್ಸೆಸ್ಸೆಲ್ಸಿಗೆ ಓದಿದವನು ನಾನು. ಕರೆಂಟಿಲ್ಲದೆ ಮೂರು ರಾತ್ರಿ ಕಳೆಯುವುದು ಏನು ಮಹಾ ಅಂದುಕೊಂಡಿದ್ದೆ. ಆ ಧೈರ್ಯದಲ್ಲೇ ಡಿಸೆಂಬರ್ ರಜೆಗೆ ಚಕ್ರದ ಮೇಲಿನ ಪುಟ್ಟ ಮನೆಯಂಥ ಬಾಡಿಗೆ ಟ್ರೇಲರ್ ಒಂದನ್ನು ಪಿಕಪ್ ಟ್ರಕ್ಕಿಗೆ ಸಿಕ್ಕಿಸಿ, ಫೀನಿಕ್ಸ್‌ನಿಂದ ಐ-10 ಹೆದ್ದಾರಿ ಹಿಡಿದು, ಅಮೆರಿಕದ ಅರಿಜೋನಾ ರಾಜ್ಯದ ಕ್ವಾರ್ಟ್ಸೈಟ್ ಊರಾಚೆಯ ಮರುಭೂಮಿಯಲ್ಲಿ ನಿಲ್ಲಿಸಿದೆ. ಅಲ್ಲಿ ಸರ್ಕಾರಿ ಜಮೀನಿನಲ್ಲಿ 14 ದಿನ ಪುಕ್ಕಟೆ ಠಿಕಾಣಿ ಹೂಡಬಹುದು. ನಲ್ಲಿಯಿಲ್ಲ, ಪ್ಲಗ್ ಪಾಯಿಂಟ್ ಇಲ್ಲ. ಸುತ್ತ ಕೈಯೆತ್ತಿ ನಿಂತ ಸಗ್ವಾರೋ ಕಳ್ಳಿಗಳು, ಆಗಲೇ ಶರಣಾದವರ ಹಾಗೆ.

ನಮ್ಮ ಆಸ್ತಿ ಅಂದರೆ ಟ್ರೇಲರಿನ ಮೂತಿಯ ಮೇಲಿದ್ದ ಒಂದೇ ಒಂದು ಸೀಸದ ಬ್ಯಾಟರಿ. 100 ಆಂಪ್-ಅವರ್ ಅಂತ ಬರೆದಿತ್ತು, ಅಂದರೆ ಒಂದು ಆಂಪ್ ಕರೆಂಟನ್ನು ನೂರು ಗಂಟೆ ಕೊಡುವಷ್ಟು ದಾಸ್ತಾನು. ಆದರೆ ಅರ್ಧಕ್ಕಿಂತ ಹೆಚ್ಚು ಬಳಸಿದರೆ ಅದರ ಆಯಸ್ಸು ಕುಗ್ಗುತ್ತದಂತೆ. ಮಿನಿಮಮ್ ಬ್ಯಾಲೆನ್ಸ್ ಐವತ್ತು ಸಾವಿರ ಇಡಬೇಕಾದ ಖಾತೆಯಲ್ಲಿ ಒಂದು ಲಕ್ಷ ಇದ್ದ ಹಾಗೆ. ಗೋಡೆಯ ಮೇಲೊಂದು ಪುಟ್ಟ ಮೀಟರ್: 12.6 ವೋಲ್ಟ್ ಇದ್ದರೆ ತುಂಬಿದೆ, 12.2 ಆದರೆ ಅರ್ಧ ಖಾಲಿ. ನಾನು ಅದರ ಮುಂದೆ ಸ್ಟೂಲ್ ಹಾಕಿಕೊಂಡು ಕೂತೆ.

"ಯಾರೋ ಅದು, ಬಚ್ಚಲಲ್ಲಿ ಲೈಟ್ ಬಿಟ್ಟಿರೋದು?"

ಹೇಳಿದ ಮೇಲೆ ನನಗೇ ಗಾಬರಿಯಾಯಿತು. ಅದು ಅಪ್ಪನ ದನಿ. ಸ್ವಲ್ಪ ಹೊತ್ತಿಗೆ ಮಗಳ ಫೋನ್ ಚಾರ್ಜರ್ ಕಿತ್ತೆ. ಕೈ ತೊಳೆಯುವಾಗ ಪಂಪು ಎರಡು ಸಲ ಓಡಿಸಿದ್ದಕ್ಕೆ ಮಗನಿಗೆ ಬೈದೆ. ಊಟಕ್ಕೆ ಒಂದೇ ಎಲ್‌ಇಡಿ ದೀಪ.

"ಇಷ್ಟು ದುಡ್ಡು ಸುರಿದು ಕತ್ತಲಲ್ಲಿ ಕೂರಕ್ಕೆ ಬಂದ್ವೇನೋ? ಊರಲ್ಲಿ ಇದು ಬಿಟ್ಟಿ ಸಿಗ್ತಿತ್ತು," ಅಂದಳು ಭಾರತದಿಂದ ಬಂದಿದ್ದ ಅಮ್ಮ.

ರಾತ್ರಿ ಚಳಿ ಕಚ್ಚತೊಡಗಿತು. ಹೀಟರ್ ಗ್ಯಾಸಿನಲ್ಲಿ ಉರಿಯುತ್ತದೆ, ಸಿಲಿಂಡರು ತುಂಬಿದೆ, ಚಿಂತೆಯಿಲ್ಲ ಅಂತ ಜೋರಾಗಿಯೇ ಇಟ್ಟು ಮಲಗಿದೆ.

ಮೂರು ಗಂಟೆಗೆ ಕೀ... ಕೀ... ಅಂತ ಸದ್ದು. ಗ್ಯಾಸ್ ಸೋರಿಕೆ ಪತ್ತೆಹಚ್ಚುವ ಪೆಟ್ಟಿಗೆ ತನಗೇ ಕರೆಂಟ್ ಸಾಲದೆ ಗೋಳಿಡುತ್ತಿತ್ತು. ಹೀಟರಿನಿಂದ ಮಾತ್ರ ಗಾಳಿ ಬರುತ್ತಲೇ ಇತ್ತು, ತಣ್ಣಗೆ! ಮೀಟರಿನಲ್ಲಿ 11.6.

ಕಂಬಳಿ ಹೊದ್ದು ಬುಕ್ಲೆಟ್ ತೆಗೆದಾಗ ಗುಟ್ಟು ತಿಳಿಯಿತು. ಉರಿಗೆ ಗ್ಯಾಸೇ, ಆದರೆ ಬಿಸಿಗಾಳಿಯನ್ನು ತಳ್ಳುವ ಫ್ಯಾನಿಗೆ ಬ್ಯಾಟರಿ ಬೇಕು. ಗಂಟೆಗೆ ಏಳು ಆಂಪ್-ಅವರ್! ಬ್ಯಾಟರಿ ಸೋತರೆ ಫ್ಯಾನ್ ಮಂದವಾಗುತ್ತದೆ. ಗಾಳಿ ಸಾಲದಿದ್ದರೆ ಒಳಗಿನ ಸ್ವಿಚ್ಚೊಂದು ಬೆಂಕಿ ಹೊತ್ತಲು ಬಿಡುವುದಿಲ್ಲ. ನಾನು ಸಂಜೆಯಿಡೀ ಆರಿಸಿದ ದೀಪಗಳು ಒಂದೊಂದೂ ಕಾಲು ಆಂಪಿನವು. ಅಡಿಕೆ ಕದ್ದರೂ ಕಳ್ಳ, ಆನೆ ಕದ್ದರೂ ಕಳ್ಳ, ನಿಜ. ಆದರೆ ಕಾವಲುಗಾರ ಅಡಿಕೆ ಕಳ್ಳರ ಜೇಬು ತಡಕುತ್ತಿದ್ದಾಗ ಆನೆ ಹಿಂಬಾಗಿಲಿನಿಂದ ಆರಾಮಾಗಿ ನಡೆದುಹೋಗಿತ್ತು.

ಬೆಳಗ್ಗೆ 100 ವ್ಯಾಟಿನ ಸೋಲಾರ್ ಪ್ಯಾನೆಲ್ ಹೊರಗಿಟ್ಟೆ. ಕಳ್ಳಿಯ ನೆರಳೊಂದು ಅಡ್ಡ ಬಿದ್ದರೂ ಸಾಕು, ಅದು ಮುನಿಸಿಕೊಂಡು ಕೂರುತ್ತದೆ. ಅತ್ತ ಇತ್ತ ಸರಿಸಿ, ಕೆಳಗೆ ಕಲ್ಲಿಟ್ಟು, ಸೂರ್ಯನಿಗೆ ಮುಖಮಾಡಿಸಿ ಐದು ಆಂಪ್ ಬರಿಸಿದೆ. ಅಷ್ಟರಲ್ಲಿ ಒಳಗಿನಿಂದ ಗರ್ರ್...

"ಮಿಕ್ಸಿ ಹಾಕಿದ್ಯಾ?"

"ಚಟ್ನಿ ಬೇಡ್ವಾ ದೋಸೆಗೆ? ನೀವೇ ಅಲ್ವಾ, ಇನ್ವರ್ಟರ್ ಇದೆ ಅಂದಿದ್ದು?" ಅಂದಳು ಹೆಂಡತಿ.

ಒಳಗೆ ಬರುತ್ತಿದ್ದುದು ಐದು, ಹೊರಗೆ ಹೋಗುತ್ತಿದ್ದುದು ಅರವತ್ತು. ಎರಡನೇ ಸುತ್ತಿಗೆ ಇನ್ವರ್ಟರ್ ಕಿರುಚಿ ಕಣ್ಣು ಮುಚ್ಚಿತು. ಜಾರಿನಲ್ಲಿ ಕಾಯಿಚೂರು, ಇಡೀ ಹಸಿಮೆಣಸಿನಕಾಯಿ, ಹುರಿಗಡಲೆ, ಎಲ್ಲ ಗುರುತು ಹಿಡಿಯುವ ಹಾಗೇ ಇದ್ದವು. ಅದನ್ನೇ ಕೋಸಂಬರಿ ಅಂತ ತಿಂದೆವು.

ಒಂದೇ ರಾತ್ರಿಗೆ ಸಾಕಾಗಿ ವಾಪಸ್ ಹೊರಟೆವು. ಟ್ರೇಲರಿನ ಮೂತಿ ಎತ್ತಿ ಟ್ರಕ್ಕಿಗೆ ಸಿಕ್ಕಿಸಲು ಜ್ಯಾಕ್ ಗುಂಡಿ ಒತ್ತಿದೆ. ಸದ್ದಿಲ್ಲ. ಅದೂ ಕರೆಂಟಿನದೇ.

ಕೈಯಲ್ಲಿ ತಿರುಗಿಸುವ ಹಿಡಿಕೆ ಸಿಕ್ಕಿತು. ಹತ್ತು ಸುತ್ತಿಗೆ ಕೂದಲೆಳೆಯಷ್ಟು ಮೇಲೆ. ಅಮ್ಮ ಕುರ್ಚಿ ಹಾಕಿಸಿಕೊಂಡು, ಯಾವ ಕರೆಂಟೂ ಬೇಡದ ತನ್ನ ಫಿಲ್ಟರ್ ಕಾಫಿ ಹೀರುತ್ತ ನೋಡುತ್ತಿದ್ದಳು. ನೂರನೇ ಸುತ್ತು ದಾಟಿರಬೇಕು, ಲೋಟ ಕೆಳಗಿಟ್ಟಳು.

"ನಿಮ್ಮಪ್ಪ ಇದ್ದಿದ್ರೆ ಮೊದಲು ಆ ಫ್ಯಾನ್ ಆರಿಸಿರೋರು ಕಣೋ."