ಪೆಂಗ್ವಿನ್‌ಗಳಿಗೆ ಈಜುಕೊಳ ಬಿಟ್ಟುಕೊಟ್ಟ ಊರು

ದಕ್ಷಿಣ ಅಟ್ಲಾಂಟಿಕ್‌ನಲ್ಲಿ ಬ್ರಿಟನ್ನಿಗೆ ಸೇರಿದ ಟ್ರಿಸ್ಟನ್ ಡ ಕುನ್ಹಾ ದ್ವೀಪವನ್ನು ನಾನು ಓದಿದ, ಕಂತುಗಳಲ್ಲಿ ಬರುತ್ತಿರುವ ಲೇಖನವೊಂದು 'ಜಗತ್ತಿನ ಅತಿ ಒಂಟಿ ಊರು' ಎಂದಷ್ಟೇ ಪರಿಚಯಿಸಿರುವುದು ನನಗೆ ಸಾಲದು ಎನಿಸಿತು. ಕೇಪ್‌ಟೌನ್‌ನಿಂದ ಹಡಗಿನಲ್ಲಿ ವಾರದ ದಾರಿ, ವಿಮಾನ ನಿಲ್ದಾಣವಿಲ್ಲ, ಜನ ಇನ್ನೂರೈವತ್ತಕ್ಕೂ ಕಡಿಮೆ. ಎಲ್ಲವೂ ನಿಜ. ಆದರೆ ಅಲ್ಲಿನವರ ಒಗ್ಗಟ್ಟಿನ ಮಾತು ಬರಲೇ ಇಲ್ಲ.

1817ರಲ್ಲಿ ವಿಲಿಯಂ ಗ್ಲಾಸ್ ಮತ್ತು ಸಂಗಡಿಗರು ಯಾರೂ ಮೇಲಲ್ಲ, ಲಾಭದಲ್ಲಿ ಎಲ್ಲರಿಗೂ ಸಮಪಾಲು ಎಂದು ಕರಾರು ಬರೆದುಕೊಂಡೇ ಅಲ್ಲಿ ನೆಲೆ ನಿಂತರು. 1961ರಲ್ಲಿ ಊರಿನ ಪಕ್ಕದಲ್ಲೇ ಜ್ವಾಲಾಮುಖಿ ಸಿಡಿದಾಗ ಎಲ್ಲರನ್ನೂ ಇಂಗ್ಲೆಂಡಿಗೆ ಸಾಗಿಸಲಾಯಿತು. ಅಲ್ಲಿ ಕೆಲಸವಿತ್ತು, ಅನುಕೂಲವಿತ್ತು. ಹಾಗಿದ್ದರೂ ಮತಕ್ಕೆ ಹಾಕಿದಾಗ ಬಹುತೇಕರು ಊರಿಗೇ ಮರಳುತ್ತೇವೆಂದರು. 1963ರಲ್ಲಿ ಹೆಚ್ಚಿನವರು ಮರಳಿಯೂ ಬಿಟ್ಟರು.

ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುವುದು 2011ರ ಮಾರ್ಚ್. ಸೋಯಾ ತುಂಬಿದ್ದ 'ಒಲಿವಾ' ಹಡಗು ನೆರೆಯ ನೈಟಿಂಗೇಲ್ ದ್ವೀಪದ ಬಂಡೆಗೆ ಬಡಿದು ತನ್ನ ಇಂಧನ ಎಣ್ಣೆ ಚೆಲ್ಲಿತು. ಹಳದಿ ಹುಬ್ಬಿನ ರಾಕ್‌ಹಾಪರ್ ಪೆಂಗ್ವಿನ್‌ಗಳು ಕರಿ ಜಿಡ್ಡಿನಲ್ಲಿ ಮುಳುಗೆದ್ದವು. ದ್ವೀಪದವರು ಸುಮಾರು 3,700 ಹಕ್ಕಿಗಳನ್ನು ದೋಣಿಯಲ್ಲಿ ತಂದು ತೊಳೆದರು, ಮೀನು ಹಿಡಿದು ಉಣಿಸಿದರು, ಊರಿನ ಈಜುಕೊಳವನ್ನೇ ಅವುಗಳಿಗೆ ಬಿಟ್ಟುಕೊಟ್ಟರು. ಬದುಕುಳಿದವು ಹತ್ತರಲ್ಲಿ ಒಂದು ಪಾಲು ಮಾತ್ರ! ಆದರೂ ಅವರ ಶ್ರಮ ವ್ಯರ್ಥವಾಯಿತೆಂದು ನಾನು ಒಪ್ಪುವುದಿಲ್ಲ. ಸಿಗಡಿಯ ಜಾತಿಯ ಲಾಬ್‌ಸ್ಟರ್ ಹಿಡಿದು ಮಾರುವುದೇ ಮುಖ್ಯ ಆದಾಯವಾಗಿರುವ ಈ ಜನ 2020ರಲ್ಲಿ ತಮ್ಮ ಸುತ್ತಲಿನ ಸುಮಾರು 6,87,000 ಚದರ ಕಿಲೋಮೀಟರ್ ಸಮುದ್ರವನ್ನು ಸಂರಕ್ಷಿತ ವಲಯವೆಂದು ಘೋಷಿಸಿದರು. ಲೇಖಕರು ಮುಂದಿನ ಕಂತಿನಲ್ಲಿ ದಯವಿಟ್ಟು ಇದನ್ನು ವಿವರವಾಗಿ ಬರೆಯಲಿ.